ಕಪಾಟಿನ ಬಾಗಿಲ ಮೇಲಿನ ಹತ್ತೊಂಬತ್ತು ಕಿಲೋ

ಮಗು ಬಿದ್ದರೆ ಹತ್ತು ಕೈ ಓಡಿ ಬರುತ್ತವೆ. ಒಂದು ಕೈ ಎತ್ತುತ್ತದೆ, ಒಂದು ನೀರು ಕುಡಿಸುತ್ತದೆ, ಇನ್ನೊಂದು ಸ್ಕೂಟರಿನ ಕೀಲಿ ಹುಡುಕುತ್ತದೆ. ಎಲ್ಲವೂ ಪ್ರೀತಿಯ ಕೈಗಳೇ. ಆದರೆ ಪ್ರೀತಿಗೆ ಅವಸರ ಜಾಸ್ತಿ.

ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನೆಲೆಸಿದ ಗೋದಾಬಾಯಿಯವರ ಪ್ರೀತಿಯೂ ಅಂಥದ್ದೇ. ಮಗ ಕೇದಾರ ಬೆಳಿಗ್ಗೆ ಪಟಾನ್‌ಚೆರುವಿನ ಫ್ಯಾಕ್ಟರಿಗೆ ಹೋದರೆ ಮನೆಯಲ್ಲಿ ಉಳಿಯುವವರು ಅವರು, ಸೊಸೆ ಹರ್ಷದಾ, ಆರು ವರ್ಷದ ಮೊಮ್ಮಗಳು ಶರ್ವರಿ. ಮೇಲಿನ ಮನೆಯ ವಿಜಯಶ್ರೀ ಮಕ್ಕಳ ಆಸ್ಪತ್ರೆಯೊಂದರ ತುರ್ತು ವಾರ್ಡಿನಲ್ಲಿ ನರ್ಸ್.

ಒಂದು ದಿನ ಮನೆ ಮೇಲಿನ ಗಚ್ಚಿಯಲ್ಲಿ ಸಂಡಿಗೆ ಹಾಕುವಾಗ ವಿಜಯಶ್ರೀ ಕೇಳಿದಳು, "ಅಜ್ಜೀ, ಶರ್ವರಿ ತೂಕ ಎಷ್ಟ ಐತ್ರಿ?"

ಗೋದಾಬಾಯಿ ಮುಖ ಗಂಟು ಹಾಕಿಕೊಂಡರು. "ಬೆಳಿಯೋ ಕೂಸಿನ ತೂಕ ಬಾಯಿಬಿಟ್ಟು ಹೇಳಬಾರದು. ದೃಷ್ಟಿ ಆಗ್ತದ." ಶಾಲೆಯಲ್ಲಿ ತೂಕ ನೋಡುವ ದಿನ ಮೊಮ್ಮಗಳಿಗೆ ಇಲ್ಲದ ನೆಗಡಿ ಬರಿಸಿ ಮನೆಯಲ್ಲೇ ಕೂರಿಸಿದವರು ಅವರು.

"ನಮ್ಮ ವಾರ್ಡಿನ್ಯಾಗ ಮಕ್ಕಳಿಗೆ ಔಷಧ, ಸಲೈನ್ ಎಲ್ಲಾ ತೂಕ ನೋಡೇ ಕೊಡೂದ್ರಿ. ಗೊತ್ತಿಲ್ಲಂದ್ರ ಉದ್ದ ಅಳದು ಅಂದಾಜು ಮಾಡ್ತೀವಿ. ಗೊತ್ತಿದ್ರ ಭಾಳ ಚಲೋ. ಪೆಟ್ಟಾದ ಕೂಸಿಗೆ ಒಂದೊಂದ ನಿಮಿಷಾನೂ ದೊಡ್ಡದು."

"ನಮ್ಮ ಕೂಸು ನಿಮ್ಮ ವಾರ್ಡಿಗೆ ಯಾಕ ಬರ್ತದ? ಮೊದಲ ಬಿಡ್ತು ಅನ್ನು."

"ಬಿಡ್ತ್ರಿ," ಎಂದು ವಿಜಯಶ್ರೀ ನಕ್ಕಳು. ಜೊತೆಗೆ ಸಂಡಿಗೆ ಹಾಕುತ್ತಿದ್ದ ಹರ್ಷದಾ ನಗಲಿಲ್ಲ. ಅಂದು ಸಂಜೆ ತರಕಾರಿಯ ನೆಪದಲ್ಲಿ ಮಗಳನ್ನು ಕರೆದೊಯ್ದು ಔಷಧದ ಅಂಗಡಿಯಲ್ಲಿ ತೂಕ ಮಾಡಿಸಿದಳು. ಅಡುಗೆಮನೆ ಕಪಾಟಿನ ಬಾಗಿಲ ಒಳಗೆ, ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಕುಗಳ ಕೆಳಗೆ, ಪೆನ್ಸಿಲಿನಲ್ಲಿ ಸಣ್ಣಗೆ ಬರೆದಳು: ಶರ್ವರಿ, 19 ಕಿಲೋ. ಅತ್ತೆಗೆ ಹೇಳಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಮೆಟ್ಟಿಲಿನ ಕಟಕಟೆ ಹತ್ತಿ ಆಡುತ್ತಿದ್ದ ಶರ್ವರಿ ಮೊದಲ ಮಹಡಿಯಿಂದ ಅಂಗಳದ ಕಲ್ಲಿನ ಮೇಲೆ ಬಿದ್ದಳು.

ಗೋದಾಬಾಯಿ ಓಡಿ ಬಂದು ಎತ್ತಲು ಬಗ್ಗಿದರು. ವಿಜಯಶ್ರೀಯ ಗಂಡ ವೈಭವ ಆಗಲೇ ಸ್ಕೂಟರ್ ತೆಗೆದಿದ್ದ. "ಕೂಸಿನ್ನ ನಡುವ ಹಿಡ್ಕೊಂಡು ಕೂಡ್ರಿ ಅಜ್ಜೀ, ಮೂಲ್ಯಾಗ ನರ್ಸಿಂಗ್ ಹೋಮ್ ಐತಿ."

"ಯಾರೂ ಎತ್ತಬ್ಯಾಡ್ರಿ," ಎನ್ನುತ್ತ ವಿಜಯಶ್ರೀ ಮೆಟ್ಟಿಲಿಳಿದು ಬಂದಳು. ಮಗು ಉಸಿರಾಡುತ್ತಿತ್ತು, ನರಳುತ್ತಿತ್ತು. ಅವಳು ಗಂಡನ ಕಡೆ ತಿರುಗಿದಳು. "108ಕ್ಕ ಫೋನ್ ಹಚ್ರಿ. ಕೂಸು ಎತ್ತರದಿಂದ ಬಿದ್ದೈತಿ ಅನ್ರಿ. ಎಷ್ಟೊತ್ತಿಗೆ ಬಿತ್ತು ಅನ್ನೂದೂ ಹೇಳ್ರಿ."

"ನನ್ನ ಕೂಸು ಹಿಂಗ ನೆಲದ ಮ್ಯಾಲೆ ಬಿದ್ದಿರಬೇಕೇನ?" ಗೋದಾಬಾಯಿ ಚೊಂಬು ತರಲು ಎದ್ದರು. "ಒಂದ ಗುಟುಕು ನೀರರ ಕುಡಸ್ತೀನಿ."

"ನೀರೂ ಬ್ಯಾಡ್ರಿ. ಎಚ್ಚರ ತಪ್ಪಿದ್ರ ಅದು ಉಸಿರಿನ ದಾರ್‍ಯಾಗ ಹೋಗ್ತೈತಿ. ಕುತ್ತಿಗಿ ಎಲುಬಿಗೆ ಪೆಟ್ಟಾಗಿದ್ರ, ಎತ್ತಿ ಬಗ್ಗಿಸಿದ್ರ ಕೈಕಾಲಿನ ಶಕ್ತೀನ ಹೋಗಬಹುದು. ಅಜ್ಜೀ, ಎತ್ತೂದಲ್ಲ, ಹಿಡಿಯೂದು ನಿಮ್ಮ ಕೆಲಸ. ತಲಿ ಎರಡೂ ಕಡೆ ಕೈ ಇಡ್ರಿ, ಅಲುಗಾಡಬಾರದು. ಮಾತಾಡಸ್ಕೋತ ಇರ್ರಿ."

ಹರ್ಷದಾ ರಕ್ತ ಬರುತ್ತಿದ್ದ ಮೊಣಕೈಗೆ ಶುದ್ಧ ಬಟ್ಟೆ ಒತ್ತಿ ಹಿಡಿದಳು. ಗೋದಾಬಾಯಿ ಕಲ್ಲಿನ ಮೇಲೆ ಮಂಡಿಯೂರಿದರು. ಅಂಬುಲೆನ್ಸ್ ಬರಲು ಹನ್ನೆರಡು ನಿಮಿಷ ಹಿಡಿಯಿತು. ಎತ್ತಿ ಎದೆಗೆ ಒತ್ತಿಕೊಳ್ಳಲು ಅಜ್ಜಿಯ ಕೈ ತುಡಿಯುತ್ತಲೇ ಇತ್ತು. ಎತ್ತಲಿಲ್ಲ. ಹಾಗೆ ಕೂರುವುದು ಎಷ್ಟು ಕಷ್ಟ ಎಂಬುದು ಮಕ್ಕಳನ್ನು ಸಾಕಿದವರಿಗೇ ಗೊತ್ತು.

ಅಂಬುಲೆನ್ಸಿನಲ್ಲಿ ಬಂದ ತುರ್ತು ಸಹಾಯಕ ಸಾಯಿಕುಮಾರ ಮಗುವಿನ ಕುತ್ತಿಗೆಗೆ ಪಟ್ಟಿ ಹಾಕಿ, ಹಲಗೆಯ ಮೇಲೆ ಮಲಗಿಸಿ ಬಿಗಿದ. ಆಸ್ಪತ್ರೆಯ ಡಾಕ್ಟರಿಗೆ ಫೋನ್ ಹಚ್ಚಿ, ಮನೆಯವರ ಕಡೆ ತಿರುಗಿ ತೆಲುಗಿನಲ್ಲಿ ಮಗುವಿನ ತೂಕ ಕೇಳಿದ. ಹರ್ಷದಾಳಿಗೆ ತಾನೇ ಬರೆದ ಅಂಕಿ ನೆನಪಾಗಲಿಲ್ಲ.

"ಪಂತೊಮ್ಮಿದಿ ಕಿಲೋಲು," ಎಂದರು ಗೋದಾಬಾಯಿ, ತರಕಾರಿಯವನ ಜೊತೆ ಆಡುವ ಅದೇ ತೆಲುಗಿನಲ್ಲಿ. ಹತ್ತೊಂಬತ್ತು ಕಿಲೋ.

ಸೊಸೆ ಬೆರಗಾಗಿ ನೋಡಿದಳು.

"ಚಹಾಪುಡಿ ಡಬ್ಬಿ ಅದೇ ಕಪಾಟಿನ್ಯಾಗ ಅದ ಅಲ್ಲೇನ? ಮರುದಿನಾನ ನೋಡೀನಿ. ಅಳಿಸ್ಲಿಕ್ಕೆ ಕೈ ಬರಲಿಲ್ಲ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಸುಮ್ಮನಾದೆ."

ಅಂಬುಲೆನ್ಸ್ ಮೂಲೆಯ ನರ್ಸಿಂಗ್ ಹೋಮಿನಲ್ಲಿ ನಿಲ್ಲದೆ, ಮಕ್ಕಳ ಶಸ್ತ್ರಚಿಕಿತ್ಸೆಗೆ ಅನುಕೂಲವಿರುವ ದೊಡ್ಡ ಆಸ್ಪತ್ರೆಗೆ ಹೋಯಿತು. ಶರ್ವರಿ ತಲುಪುವಷ್ಟರಲ್ಲಿ ಅವಳ ತೂಕಕ್ಕೆ ತಕ್ಕ ಔಷಧ ಸಿದ್ಧವಾಗಿತ್ತು. ಕುತ್ತಿಗೆಯ ಎಲುಬು ಬಿರುಕು ಬಿಟ್ಟಿತ್ತು. ಸ್ಕೂಟರಿನಲ್ಲಿ ಕೂರಿಸಿ ತಂದಿದ್ದರೆ ಈ ಮಗು ಮತ್ತೆ ನಡೆಯುತ್ತಿತ್ತೆಂದು ಹೇಳಲಾರೆ ಎಂದರು ಡಾಕ್ಟರು. ಬಸ್ಸಿಳಿದು ಓಡಿ ಬಂದ ಕೇದಾರ ಅದನ್ನು ಕೇಳಿ ತಾಯಿಯ ಎರಡೂ ಕೈ ಹಿಡಿದುಕೊಂಡ.

ಮೂರು ತಿಂಗಳಾದ ಮೇಲೆ ಶರ್ವರಿ ಶಾಲೆಗೆ ಹೋದಳು. ಕಟಕಟೆ ಎರಡಡಿ ಎತ್ತರವಾಯಿತು. ಈಗ ತಿಂಗಳಿಗೊಮ್ಮೆ ಅವಳ ತೂಕ ಮಾಡಿಸುವವರು ಗೋದಾಬಾಯಿಯೇ. ಕಪಾಟಿನ ಬಾಗಿಲಿಗೆ ಪೆನ್ನಿನಲ್ಲಿ ದಪ್ಪಗೆ ಬರೆಯುತ್ತಾರೆ, ಆಮೇಲೆ ನಿವಾಳಿಸುತ್ತಾರೆ. "ಅದಕ್ಕೇನ ಅಡ್ಡಿ ಇಲ್ಲರಿ," ಅನ್ನುತ್ತಾಳೆ ವಿಜಯಶ್ರೀ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಅಡುಗೆಮನೆಯಲ್ಲೂ ಒಂದು ಕಪಾಟಿದೆ. ಇವತ್ತೇ ಅದರ ಬಾಗಿಲಿಗೆ ಮಗುವಿನ ತೂಕ ಬರೆಯಿರಿ, ಪಕ್ಕದಲ್ಲಿ 108 ಎಂದು ಬರೆಯಿರಿ. ಮಗು ಎತ್ತರದಿಂದ ಬಿದ್ದರೆ, ಗಾಡಿ ಬಡಿದರೆ, ಮೊದಲು ಫೋನ್ ಮಾಡಿ. ಅವರು ಹೇಳಿದಂತೆ ನಡೆಯಿರಿ. ಬೆಂಕಿಯೋ ವಾಹನವೋ ಮೈಮೇಲೆ ಬರುವ ಅಪಾಯವಿದ್ದರಷ್ಟೇ ಕದಲಿಸಿ, ಇಲ್ಲದಿದ್ದರೆ ಬೇಡ. ವಾಂತಿ ಬಂದರೆ ತಲೆ, ಕುತ್ತಿಗೆ, ಮೈ ಒಟ್ಟಿಗೇ ಪಕ್ಕಕ್ಕೆ ಹೊರಳಿಸಿ. ಏನೂ ತಿನ್ನಿಸಬೇಡಿ, ಕುಡಿಸಬೇಡಿ. ಅಂಬುಲೆನ್ಸ್ ಬರುವ ತನಕ ಎತ್ತದೆ ಹಿಡಿದುಕೊಂಡಿರಿ. ಎತ್ತಿಕೊಂಡು ಮುದ್ದಾಡಲು ಆಮೇಲೆ ವರ್ಷಗಟ್ಟಲೆ ಸಮಯವಿದೆ.