ಟಿಂಬಕ್ಟುವಿನ ಮಣ್ಣು

"ಅವ್ವಾ, ಕಿಟಕಿ ಹತ್ರ ಮಣ್ಣಿನ ಹೆಂಟಿ ಇತ್ತಲ್ಲ, ಎಲ್ಲಿ?" ಎಂದು ಸೋನಾಲಿ ಬಾಗಿಲಲ್ಲಿ ನಿಂತು ಕೇಳಿದಾಗ ಇಂದ್ರಾಬಾಯಿ ಇನ್ನೂ ಕೈ ತೊಳೆದಿರಲಿಲ್ಲ.

"ಅಲ್ಲಿ ಮೆತ್ತೀನಿ ನೋಡು," ಎಂದಳು ಹೆಮ್ಮೆಯಿಂದ.

ವಿಮಾನ ನಿಲ್ದಾಣದ ಹತ್ತಿರ, ಸಾಂತಾಕ್ರೂಜ್‌ನ ಆ ಗೆಸ್ಟ್‌ಹೌಸಿನಲ್ಲಿ ತಾಯಿ ರೂಮು ಗುಡಿಸುತ್ತಿದ್ದಳು, ಮಗಳು ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದಳು. ಕಿಟಕಿಯ ಕೆಳಗೆ ಗೋಡೆಯ ಗಿಲಾವು ಉದುರಿ ತೂತು ಬಿದ್ದು ಇರುವೆ ಸಾಲುಗಟ್ಟಿದ್ದವು. ಕಿಟಕಿಕಟ್ಟೆಯ ಮೇಲೆ ಹೊಟ್ಟು ಕಲಸಿದ ಮಣ್ಣು ಕಂಡದ್ದೇ ತಡ, ಇಂದ್ರಾಬಾಯಿ ನೀರು ಚಿಮುಕಿಸಿ, ನಾದಿ, ಆ ತೂತಿಗೆ ಒತ್ತಿಬಿಟ್ಟಿದ್ದಳು. ಸಿಮೆಂಟಿನ ಬಿಲ್ಡಿಂಗಿಗೆ ಹೊಟ್ಟಿನ ಮಣ್ಣು ಎಲ್ಲಿಂದ ಬಂತೆಂದು ಯೋಚಿಸಲಿಲ್ಲ. ಇಂಡಿ ತಾಲೂಕಿನಲ್ಲಿ ಮಣ್ಣಿನ ಮನೆ ಮೆತ್ತಿದ ಕೈ, ಸುಮ್ಮನಿರಬೇಕಲ್ಲ.

ಸೋನಾಲಿ ಹಣೆ ಚಚ್ಚಿಕೊಂಡಳು. "ಅದು ಕಚರಾ ಅಲ್ಲ ಅವ್ವಾ. ಈ ರೂಮಿನ ಆಂಟಿ ಟಿಂಬಕ್ಟುದಿಂದ ತಂದಾರ. ಅವರ ಊರಿನ ಬಾಬಾನ ಸಮಾಧಿ ಮಿಟ್ಟಿ. ನಾಳೆ ಮಗನ ಹಾರ್ಟ್ ಆಪರೇಶನ್, ಅದಕ್ಕ ಮೊದಲು ಅವನ ಹಣೆಗೆ ಹಚ್ಚಬೇಕಂತ."

ಇಂದ್ರಾಬಾಯಿ ಗೋಡೆಯತ್ತ ತಿರುಗಿದಳು. ಆ ಹುಡುಗನಿಗೆ ಏನಾದರೂ ಆದರೆ ಪಾಪ ತನ್ನ ತಲೆಗೇ. ಮಣ್ಣು ಕೆರೆದು ತೆಗೆಯಲು ಚಮಚ ಹಿಡಿದು ಕೂತಳು. ಅಷ್ಟರಲ್ಲಿ ಆ ಆಂಟಿ ಹಾವಾ, ಅವಳ ಮಗ ಅಲ್ಹಸಾನ್ ಆಸ್ಪತ್ರೆಯಿಂದ ಬಂದೇಬಿಟ್ಟರು. ಮೆಟ್ಟಿಲು ಹತ್ತಿದ್ದಕ್ಕೇ ಹುಡುಗ ಏದುಸಿರು ಬಿಡುತ್ತಿದ್ದ.

ಸೋನಾಲಿ ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಅವನು ಅದನ್ನು ತಾಯಿಗೆ ತಮ್ಮ ಮಾತಿನಲ್ಲಿ ಹೇಳಿದ.

"ತಪ್ಪಾತ್ರಿ ಅಕ್ಕಾರ, ಗೊತ್ತಿರಲಿಲ್ಲ," ಎಂದು ಇಂದ್ರಾಬಾಯಿ ಕೈ ಮುಗಿದಳು.

ಹಾವಾ ಗೋಡೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮಣ್ಣಿನಲ್ಲಿ ಮೂಡಿದ್ದ ಇಂದ್ರಾಬಾಯಿಯ ಬೆರಳಚ್ಚುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಏನೋ ಕೇಳಿದಳು, ಮಗ ಅದನ್ನು ಇಂಗ್ಲಿಷಿಗೆ ತಂದ.

"ಮೆತ್ತೋದು ಯಾರು ಕಲಿಸಿದ್ರು ಅಂತ ಕೇಳ್ತಾರ," ಎಂದಳು ಸೋನಾಲಿ.

"ನಮ್ಮವ್ವ. ವರ್ಷಾ ವರ್ಷಾ ಮಳಿ ಬರೂಕಿಂತ ಮೊದಲ ಮನಿ ಮೆತ್ತತಿದ್ವಿ."

ಹಾವಾ ಮಾತಿಗೆ ತೊಡಗಿದಳು. ಅವಳ ಊರಿನ ಮಸೀದಿಯೂ ಮಣ್ಣಿನದೇ, ಅದನ್ನು ಮೆತ್ತುವ ದಿನ ಊರಿಗೆ ಊರೇ ಸೇರುತ್ತದೆ. ಒಮ್ಮೆ ಬಂದೂಕಿನವರು ಬಂದು, ಹಾಡುವುದೂ ಸಮಾಧಿಗೆ ಬಾಗುವುದೂ ಪಾಪವೆಂದು ಹಾಡು ನಿಲ್ಲಿಸಿದರು, ಗುದ್ದಲಿ ಹಿಡಿದು ಬಾಬಾಗಳ ಸಮಾಧಿಗಳನ್ನು ಒಡೆದರು. ಅವಳು ಬೀದಿಯ ಒಲೆಯಲ್ಲಿ ರೊಟ್ಟಿ ಸುಡುತ್ತ ಆ ಸದ್ದು ಕೇಳಿದ್ದಳು. ಅವರು ಹೋದ ಮೇಲೆ ಗಾರೆ ಕೆಲಸದ ಗೌಂಡಿಗಳು ಒಡೆದ ಮಣ್ಣನ್ನೇ ಕುಟ್ಟಿ, ನೆನೆಸಿ, ಸಮಾಧಿ ಮತ್ತೆ ಎಬ್ಬಿಸಿದರು. ಈಗಲೂ ಅಂಥವರು ದಾರಿ ಬಂದ್ ಮಾಡಿದರೆ ಊರಿಗೆ ಹಿಟ್ಟು ಬರುವುದಿಲ್ಲ, ಬಂದ ದಿನ ಒಲೆ ಹೊತ್ತುತ್ತದೆ.

"ಒಡೆದ ಮಣ್ಣಿಂದಾನ ಸಮಾಧಿ ಕಟ್ಟಿದ್ರ?" ಎಂದಳು ಇಂದ್ರಾಬಾಯಿ.

"ಅದ ಮಣ್ಣಿಂದ," ಎಂದಳು ಸೋನಾಲಿ.

ಅಷ್ಟೆಲ್ಲ ಕಂಡ ಮೇಲೂ ಕೂತು ಮಣ್ಣು ನಾದುವ ಊರೊಂದು ಭೂಮಿಯ ಮೇಲಿದೆ ಎಂಬುದೇ ಇಂದ್ರಾಬಾಯಿಗೆ ದೊಡ್ಡ ಬೆರಗಾಯಿತು. ಮಣ್ಣು ಬಿಡಿಸಲು ಚಮಚವನ್ನು ಗೋಡೆಗೆ ಒಯ್ದಳು.

ಹಾವಾ ಅವಳ ಮಣಿಕಟ್ಟು ಹಿಡಿದು ತಡೆದಳು. ಮಗನಿಗೆ ಒಂದೇ ಮಾತು ಹೇಳಿದಳು. ಆ ಎತ್ತರದ ಹುಡುಗ ತಾಯಿಯ ಹೆಗಲು ಹಿಡಿದು ಮೆಲ್ಲಗೆ ಮೊಣಕಾಲೂರಿದ, ಬಾಗಿ ಹಸಿ ಮಣ್ಣಿಗೆ ಹಣೆಯಿಟ್ಟ. ತಲೆಯ ಮೇಲೆ ವಿಮಾನವೊಂದು ಕಿಟಕಿಯ ಗಾಜು ನಡುಗಿಸುತ್ತ ಇಳಿದುಹೋಯಿತು.

ಅವನು ಎದ್ದಾಗ ಗೋಡೆಯಲ್ಲಿ ಹಣೆಯ ತಗ್ಗು ಮೂಡಿತ್ತು. ಮಣ್ಣು ಬೇಗ ಒಣಗಿದರೆ ಬಿರುಕು ಬಿಡುತ್ತದೆಂದು ಇಂದ್ರಾಬಾಯಿ ಹೋಗಿ ಫ್ಯಾನು ಆರಿಸಿದಳು.