ಮೂವರು ಹನೋರಾಗಳು

ಮೊಟ್ಟಮೊದಲ ಮನುಷ್ಯ ಆದಾಮನ ಜ್ಞಾನಸ್ನಾನ ನಡೆದದ್ದು ನಮ್ಮ ಕಿಲ್ಕೊರನ್ ಚರ್ಚಿನಲ್ಲಿ. ದಾಖಲೆಯನ್ನು ನಾನೇ ಓದಿದ್ದೇನೆ. ಮೊದಲನೆಯ ಪುಸ್ತಕ, ಎಡಗಡೆಯ ಪುಟ, ಇಲಿ ಕಡಿದ ಮೂಲೆಯ ಪಕ್ಕದಲ್ಲೇ ಇದೆ. ಅವತ್ತು ಪಾದ್ರಿಗೆ ನೆಗಡಿಯಾಗಿತ್ತು, ಅದಕ್ಕೇ ಅಕ್ಷರ ನಡುಗಿದೆ. ಜ್ಞಾನತಂದೆಯಾಗಿ ನಿಂತವನು ನಮ್ಮ ಕನ್ಸಿಡೈನ್ ಮನೆತನದವನು. ನಂಬದವರು ಬಂದು ನೋಡಬಹುದು. ಕಪಾಟಿನ ಬೀಗದ ಕೈ ನನ್ನ ಹತ್ತಿರ ಇರುತ್ತದೆ, ನಾನು ಯಾರಿಗೂ ಕೊಡುವುದಿಲ್ಲ.

ನನ್ನ ಹೆಸರು ಥೇಡಿ ಕನ್ಸಿಡೈನ್. ಐರ್ಲೆಂಡಿನ ಕ್ಲೇರ್ ಸೀಮೆಯ ಪಡುವಣ ತುದಿಯ ಈ ಚರ್ಚಿನಲ್ಲಿ ನಲವತ್ತು ವರ್ಷದಿಂದ ಗಂಟೆ ಹೊಡೆಯುತ್ತಿದ್ದೇನೆ, ಮೇಣದ ಬತ್ತಿ ಹಚ್ಚುತ್ತಿದ್ದೇನೆ. ಈ ಅವಧಿಯಲ್ಲಿ ಆರು ಪಾದ್ರಿಗಳು ಬಂದು ಹೋದರು. ಒಬ್ಬರಿಗೂ ಆ ಹಳೆಯ ಪುಸ್ತಕಗಳ ತಲೆಬುಡ ತಿಳಿಯಲಿಲ್ಲ. ನನಗೋ, ಪುಟ ಮೂಸಿದರೆ ಸಾಕು, ಆ ದಿನ ಮಗು ಅತ್ತಿತೋ ಇಲ್ಲವೋ ಹೇಳಿಬಿಡುತ್ತೇನೆ.

ಜೂನ್ ಬಂತೆಂದರೆ ಪೂರ್ವಜರ ಬೇರು ಹುಡುಕಿಕೊಂಡು ಅಮೆರಿಕದಿಂದ ಬರುವವರ ಕಾಟ ಶುರು. ಹಸಿರು ಸ್ವೆಟರು, ಕೊರಳಿಗೆ ಕ್ಯಾಮೆರಾ, ಕೈಯಲ್ಲಿ ಕಂಪ್ಯೂಟರಿನಿಂದ ತೆಗೆದ ಹಾಳೆಗಳ ಕಟ್ಟು. 1880ರವರೆಗಿನ ಪುಟಗಳನ್ನು ಯಾರೋ ಪುಣ್ಯಾತ್ಮರು ಫಿಲ್ಮ್ ಮಾಡಿಟ್ಟಿದ್ದಾರೆ. ಅದರಾಚೆಗೆ ನನ್ನ ಕಾಲಿಗೇ ಬೀಳಬೇಕು. ಮುತ್ತಜ್ಜನ ಹೆಸರು ಕೇಳಿದರೆ ಈ ಜನಕ್ಕೆ ಗೊತ್ತಿಲ್ಲ, ಅವನು ರಾಜವಂಶದವನು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ನಲವತ್ತು ವರ್ಷದಲ್ಲಿ ಹಂದಿ ಕದ್ದವನ ಮೊಮ್ಮಗ ಒಬ್ಬನೂ ಬರಲಿಲ್ಲ. ಹಾಗಾದರೆ ನಮ್ಮೂರಲ್ಲಿ ಕಳುವಾದ ಅಷ್ಟೂ ಹಂದಿಗಳು ಎಲ್ಲಿ ಹೋದವು?

ಇಂಥವರಿಗೆ ಸತ್ಯ ಕೊಟ್ಟು ಏಕೆ ಹಾಳುಮಾಡಲಿ? ಒಂದು ಸಾಲು ತೋರಿಸಿ, ಒಂದು ಬಿದ್ದ ಗೋಡೆಯ ಹತ್ತಿರ ಕರೆದೊಯ್ಯುತ್ತೇನೆ. ಕ್ಯಾರೊಡಫ್‌ನ ದಿಬ್ಬದ ಮೇಲಿರುವ ಒಂದೇ ಗೋಡೆ ಹನ್ನೊಂದು ಮನೆತನಗಳ ಪೂರ್ವಜರ ಮನೆಯಾಗಿದೆ. ತುರಿಕೆ ಗಿಡದ ನಡುವೆ ನಿಂತು ಅಳುತ್ತಾರೆ, ಒಂದು ಕಲ್ಲು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಹೀಗೇ ಆದರೆ ಆ ಗೋಡೆಯೂ ಇನ್ನೆರಡು ಬೇಸಿಗೆಯಲ್ಲಿ ಅಮೆರಿಕ ಸೇರುತ್ತದೆ.

ಲೊರೆಟಾ ಟಬ್ರಿಡಿ ಬಂದದ್ದು ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ. ಶಿಕಾಗೋದವರು, ಅರವತ್ತೈದು ದಾಟಿದ ವಯಸ್ಸು. ಹಸಿರು ಸ್ವೆಟರು ಇರಲಿಲ್ಲ. ಕಂದು ಕೋಟು, ಚಪ್ಪಟೆ ಬೂಟು, ಒಂದು ಸಣ್ಣ ನೋಟುಪುಸ್ತಕ. ಅದಕ್ಕೂ ನನ್ನಲ್ಲಿ ತಾತ್ಸಾರವಿತ್ತು: ಬಡವರ ವೇಷದಲ್ಲಿ ಬರುವವರಿಗೆ ಇನ್ನೂ ದೊಡ್ಡ ರಾಜ ಬೇಕಿರುತ್ತಾನೆ.

ಅವರಿಗೆ ರಾಜ ಬೇಕಿರಲಿಲ್ಲ.

"ಟಬ್ರಿಡಿ ನಮ್ಮಪ್ಪನ ಮನೆತನದ ಹೆಸ್ರು. ಅವ್ರಮ್ಮ ಹನೋರಾ ಕನ್ಸಿಡೈನ್," ಅಂದರು. "ಇದೇ ಚರ್ಚು ಅಂತ ಹೇಳ್ತಿದ್ರು, ಊರಿನ ಯಾವ ಕೇರಿ ಅಂತ ಹೇಳ್ಲಿಲ್ಲ. ನಂಗೆ ಒಡಹುಟ್ಟಿದೋರಿಲ್ಲ, ಮಕ್ಕಳಿಲ್ಲ. ಮಾರ್ಚಲ್ಲಿ ನಮ್ಮನೆಯವ್ರು ಹೋದ್ರು. ನಮ್ಮೋರು ಅಂತ ಯಾರಾದ್ರೂ ಒಬ್ರು ಉಳಿದಿದ್ದಾರಾ, ಅದನ್ನ ನೋಡೋಕೆ ಬಂದೆ."

ಕನ್ಸಿಡೈನ್ ಎಂದರೆ ನಮ್ಮಲ್ಲಿ ಹೆಸರೇ ಅಲ್ಲ. ಅರ್ಧ ಊರು ಅದೇ. ಹೆಸರಿಡುವುದಕ್ಕೂ ನಮ್ಮವರಿಗೆ ಕಟ್ಟುಪಾಡು: ಮೊದಲ ಮಗಳಿಗೆ ಅಮ್ಮನ ತಾಯಿಯ ಹೆಸರು, ಎರಡನೆಯವಳಿಗೆ ಅಪ್ಪನ ತಾಯಿಯ ಹೆಸರು. ಊರಿನ ಅಜ್ಜಿಯರೆಲ್ಲ ಹನೋರಾಗಳೇ ಆಗಿದ್ದರಿಂದ ಮೊಮ್ಮಕ್ಕಳೂ ಹನೋರಾಗಳೇ ಆದರು. ಆದರೂ ನಾನು ಎದೆ ಉಬ್ಬಿಸಿ ಹೇಳಿದೆ, ನಿಮ್ಮಜ್ಜಿ ಹುಟ್ಟಿದ ಕಾಲದ ನಾಲ್ಕು ವರ್ಷದಲ್ಲಿ ಮೂವರು ಹನೋರಾ ಕನ್ಸಿಡೈನರಿಗೆ ಇಲ್ಲಿ ತಲೆಗೆ ನೀರು ಬಿದ್ದಿದೆ, ಪುಸ್ತಕ ತೆರೆಯದೆ ನಿಮ್ಮವಳು ಯಾರೆಂದು ಹೇಳುತ್ತೇನೆ ಅಂತ. ಹೇಳಿಯೂಬಿಟ್ಟೆ. ಕ್ಯಾರೊಡಫ್‌ನ ಹನೋರಾ, 1887. ಆ ಸಾಲು ತೆಗೆದು ತೋರಿಸಿದೆ. ಅವರು ನೋಟುಪುಸ್ತಕಕ್ಕೆ ಇಳಿಸಿಕೊಂಡರು.

ಆಮೇಲೆ ಗೋಡೆಯ ಹತ್ತಿರ ಕರೆದೊಯ್ದೆ. ಅವತ್ತಿನ ನನ್ನ ಕಥೆ ಕೇಳಬೇಕಿತ್ತು. ಹನೋರಾಳಿಗೆ ಏಳು ಜನ ಅಣ್ಣಂದಿರು, ಒಬ್ಬೊಬ್ಬನೂ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಒಬ್ಬನಂತೂ ಈಸ್ಟರ್ ದಿನ ಕುಳಿತಲ್ಲೇ ಒಂದು ಹೋರಿ ಮುಗಿಸಿ, ಆಲೂಗಡ್ಡೆ ಎಲ್ಲಿ ಎಂದು ಕೇಳಿದ. ಕೊನೆಯವನು ಸತ್ತದ್ದು 1958ರಲ್ಲಿ. ಹೆಣ ಹೊರಲು ಹದಿನಾರು ಜನ ಬೇಕಾಯಿತು.

ಅವರು ಒಂದು ಫೋಟೋ ಕೂಡ ತೆಗೆಯಲಿಲ್ಲ. ಈಗ ಯಾರೂ ಇಲ್ಲವೇ ಎಂದಷ್ಟೇ ಕೇಳಿದರು. ಒಬ್ಬ ನರಪಿಳ್ಳೆಯೂ ಇಲ್ಲ ತಾಯಿ ಅಂದೆ. ತಲೆಯಾಡಿಸಿದರು, ಅಳಲಿಲ್ಲ. ನನಗೆ ಅವಮಾನವಾಯಿತು. ಆ ಹೋರಿಯ ಕಥೆಗೆ ಬಾಸ್ಟನ್ನಿನ ಜಡ್ಜ್ ಒಬ್ಬ ಬಿಕ್ಕಿಬಿಕ್ಕಿ ಅತ್ತಿದ್ದ.

ಬಸ್ಸು ನಾಲ್ಕು ಗಂಟೆಗೆ. ಇನ್ನೂ ಹೊತ್ತಿದೆಯಲ್ಲ, ಪುಸ್ತಕ ಇನ್ನೊಮ್ಮೆ ನೋಡೋಣ ಅಂದರು. ಚರ್ಚಿನ ಹಿಂದಿನ ಕೋಣೆಗೆ ಬಂದೆವು. ಅವರು ಕನ್ನಡಕ ಹಾಕಿಕೊಂಡು ಅದೇ ಸಾಲನ್ನು ನೋಡಿದರು. ನೋಡಿದ್ದು ಹೆಸರನ್ನಲ್ಲ, ಪುಟದ ಅಂಚನ್ನು.

"ಇಲ್ಲೇನೂ ಬರೆದಿಲ್ಲ," ಅಂದರು.

ಅಂಚಿನಲ್ಲಿ ಏನು ಬರೀತಾರೆ ತಾಯಿ, ಅದು ಇಲಿಗೆ ಬಿಟ್ಟ ಜಾಗ ಅಂದೆ.

ಆಗ ಹೇಳಿದರು. ಶಿಕಾಗೋದ ಅವರ ಚರ್ಚಿನ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದಾರಂತೆ. ಮದುವೆಯಾದಾಗಲೆಲ್ಲ, ಹುಡುಗ ಹುಡುಗಿಗೆ ಎಲ್ಲಿ ಜ್ಞಾನಸ್ನಾನ ಆಗಿತ್ತೋ ಆ ಚರ್ಚಿಗೆ ಒಂದು ಚೀಟಿ ಕಳಿಸಬೇಕು. ಆ ಚರ್ಚಿನ ಪಾದ್ರಿ ಅದನ್ನು ಜ್ಞಾನಸ್ನಾನದ ಸಾಲಿನ ಪಕ್ಕದ ಅಂಚಿನಲ್ಲಿ ಬರೆದಿಡಬೇಕು, ಒಬ್ಬರೇ ಎರಡು ಕಡೆ ಮದುವೆಯಾಗದಿರಲಿ ಅಂತ. ಐರ್ಲೆಂಡಿನ ಮೂಲೆಮೂಲೆಗೂ ಇವರು ಚೀಟಿ ಕಳಿಸಿದ್ದಾರೆ. ಅಜ್ಜಿಯ ಮದುವೆ 1912ರಲ್ಲಿ ಅದೇ ಚರ್ಚಿನಲ್ಲಿ ಆದದ್ದು, ಚೀಟಿ ಕಳಿಸಿದ ಗುರುತು ಅಲ್ಲಿನ ಪುಸ್ತಕದಲ್ಲಿದೆ. ಹಾಗಾದರೆ ಅಜ್ಜಿಯ ಸಾಲಿನ ಅಂಚು ಇಲ್ಲಿ ಖಾಲಿ ಇರುವಂತಿಲ್ಲ.

ಇಷ್ಟು ವರ್ಷ ನನ್ನ ಮುಂದೆ ಕುಳಿತವರಲ್ಲಿ ಈ ಅಂಚು ನೋಡಬೇಕೆಂದು ತಿಳಿದವರು ಯಾರೂ ಇರಲಿಲ್ಲ. ಪ್ರೊಫೆಸರುಗಳು ಬಂದಿದ್ದರು, ಅವರೂ ದಡ್ಡರೇ.

ಎರಡನೆಯ ಹನೋರಾಳನ್ನು ತೋರಿಸಿದೆ. ಅವಳ ಅಂಚಿನಲ್ಲಿ 1910ರಲ್ಲಿ ಊರಿನ ಕಮ್ಮಾರನನ್ನು ಮದುವೆಯಾದದ್ದು ಚೊಕ್ಕವಾಗಿ ಬರೆದಿತ್ತು. ಅಷ್ಟೇ ಅಂತ ಪುಸ್ತಕ ಮುಚ್ಚಲು ಹೋದೆ.

"ಬೆಳಿಗ್ಗೆ ಮೂವರು ಅಂದ್ರಿ," ಅಂದರು ಲೊರೆಟಾ.

ಲೆಕ್ಕ ತಪ್ಪಿತ್ತು ಅಂದೆ. ಆದಾಮನಿಂದ ಇಲ್ಲಿವರೆಗೂ ಒಂದು ಹೆಸರು ತಪ್ಪಿಸದವರಿಗೆ ಮೂರು ಎಣಿಸೋಕೆ ಬರಲ್ವಾ ಅಂತ ಕೇಳಿದರು. ಪಬ್ಬಿನಲ್ಲಿ ನನ್ನ ಬಗ್ಗೆ ವಿಚಾರಿಸಿಕೊಂಡೇ ಬಂದಿದ್ದರು ಅಂತ ಕಾಣುತ್ತದೆ.

ಬೇರೆ ದಾರಿಯಿರಲಿಲ್ಲ. 1889ರ ಪುಟ ತೆಗೆದೆ. ಹನೋರಾ, ತಂದೆ ಮೈಕಲ್ ಕನ್ಸಿಡೈನ್, ತಾಯಿ ಸೂಸನ್ ಹ್ಯಾಸೆಟ್, ಕೇರಿ ಲಿಶೀನ್. ಹಾಳೆ ಹಾರದಂತೆ ಹಿಡಿದವನ ಹಾಗೆ ಅಂಚಿನ ಮೇಲೆ ಹೆಬ್ಬೆರಳು ಊರಿ ನಿಂತೆ. ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದವು, ಕೋಣೆಯಲ್ಲಿ ಒಂದು ಎಳೆ ಗಾಳಿಯಿರಲಿಲ್ಲ.

ಅವರು ಸಾಲು ಓದಿದರು. ಆಮೇಲೆ ನನ್ನ ಕೈ ನೋಡಿದರು.

"ಹೆಬ್ಬೆರಳು ತೆಗೀರಿ."

"ಹಾಳೆ ಹಳೇದು ತಾಯಿ, ಪುಡಿಯಾಗುತ್ತೆ."

"ಮೂವತ್ತೊಂದು ವರ್ಷ ಇಂಥ ಪುಸ್ತಕ ತಿರುವಿದೀನಿ, ಥೇಡಿಯವ್ರೇ. ಹಾಳೆ ಉಳಿಸೋರು ಹೀಗೆ ಒತ್ತಲ್ಲ."

ತೆಗೆದೆ. ಸಣ್ಣ ಅಕ್ಷರದಲ್ಲಿ ಇತ್ತು: ಶಿಕಾಗೋ, 1912, ಪ್ಯಾಟ್ರಿಕ್ ಟಬ್ರಿಡಿಯೊಡನೆ ವಿವಾಹ. ಅವರು ಅದನ್ನು ಬೆರಳಿನಿಂದ ಮುಟ್ಟಲಿಲ್ಲ. ಬರೆದುಕೊಳ್ಳಲೂ ಇಲ್ಲ. ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿಕೊಂಡು, ಲಿಶೀನಿನ ಆ ಮನೆಯಲ್ಲಿ ಈಗ ಯಾರಿದ್ದಾರೆ ಅಂತ ಕೇಳಿದರು.

ನಾಲಿಗೆಯ ತುದಿಗೆ ಒಂಬತ್ತು ಸುಳ್ಳು ಬಂದಿದ್ದವು. ಒಂದಕ್ಕಿಂತ ಒಂದು ಚೆಂದ. ಅವರ ಮುಖ ನೋಡಿದೆ. ಒಂದೂ ಹೊರಗೆ ಬರಲಿಲ್ಲ.

"ನಾನಿದೀನಿ," ಅಂದೆ. "ಹನೋರಾ ನಮ್ಮಜ್ಜ ಸೈನನ್ ಅವರ ತಂಗಿ. ನೀವು ಬಾಗಿಲಲ್ಲಿ ಟಬ್ರಿಡಿ ಅಂತ ಹೆಸರು ಹೇಳ್ದಾಗ್ಲೇ ಗೊತ್ತಾಯ್ತು."

"ಮತ್ಯಾಕೆ ಮುಚ್ಚಿಟ್ರಿ?"

"ನಮ್ಮೋರು ಅಂತ ಒಬ್ರು ಸಿಕ್ತಾರಾ ಅಂತ ಸಮುದ್ರ ದಾಟಿ ಬಂದ್ರಿ. ಇರೋದು ನಾನೊಬ್ನೇ. ಮದುವೆ ಇಲ್ಲ, ಮಕ್ಕಳಿಲ್ಲ. ಬಂದೋರಿಗೆಲ್ಲ ಸುಳ್ಳು ಹೇಳಿ, ಸಂಜೆ ಪಬ್ಬಲ್ಲಿ ಅವ್ರನ್ನ ಆಡ್ಕೊಂಡು ನಗೋದು, ಇಷ್ಟೇ ನಾನು ಮಾಡಿದ್ದು. ಇದನ್ನ ನೋಡೋಕಾ ಬಂದಿದ್ದು ಅಂತ ನಿಮಗನ್ಸುತ್ತೆ, ಅದಕ್ಕೆ ಹೆದರ್ದೆ. ಆದಾಮಂದೂ ಸುಳ್ಳು. ನಮ್ಮ ಮೊದಲ್ನೇ ಪುಸ್ತಕ ಶುರುವಾಗೋದೇ 1829ಕ್ಕೆ."