ಹರಿಣಾಕ್ಷಿಯ ಅರ್ಧ ಬಕೆಟ್

"ಅರ್ಧ ಬಕೆಟ್ ಹಾಲು ಹಿಡ್ಕೊಂಡು ಬರ್ತಾಳೆ ನೋಡಿ. ಯಾವ ಅರಮನೆಯ ರಾಣಿ ನೀನು?"

"ಅರಮನೆ ಬೇಡ. ತುಂಬಿದ ಬಕೆಟ್ ಇನ್ನು ನಾನು ಎತ್ತುವುದಿಲ್ಲ."

"ಮೇಲಿನ ಸಾಲಿನ ಹಾಲು ಗೆರಟೆಯಲ್ಲೇ ಗಟ್ಟಿ ಆಗ್ತದೆ. ಆಮೇಲೆ ನಿನ್ನ ಅಪ್ಪ ಬಂದು ಅದನ್ನು ಶೀಟ್ ಮಾಡ್ತಾರಾ?"

"ನನ್ನ ಅಪ್ಪನ ಸುದ್ದಿ ಬೇಡ. ನಿಮಗೆ ಎರಡು ಕೈ ಉಂಟಲ್ಲ, ನೀವೇ ಎತ್ತಿ."

ಅಳದಂಗಡಿಯ ಆಚೆ ಗುಡ್ಡದ ಇಳಿಜಾರಿನಲ್ಲಿ ವೆಂಕಪ್ಪನ ಮುನ್ನೂರು ರಬ್ಬರ್ ಮರಗಳಿವೆ. ತೊಗಟೆ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಅವನದು. ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗಳಲ್ಲಿ ಇಳಿದ ಹಾಲನ್ನು ಬಕೆಟಿಗೆ ಸುರಿದು, ಗಟ್ಟಿಯಾಗುವ ಮೊದಲು ಗುಡ್ಡ ಹತ್ತಿ, ರಬ್ಬರ್ ಶೀಟ್ ಒತ್ತುವ ಶೆಡ್ಡಿಗೆ ತರುವುದು ಹೆಂಡತಿ ಹರಿಣಾಕ್ಷಿಯ ಕೆಲಸ. ಎರಡು ಕೈಗೆ ಎರಡು ಬಕೆಟ್, ತುಂಬ. ಹದಿನೆಂಟು ವರ್ಷ ಹಾಗೆಯೇ ನಡೆದಿತ್ತು.

"ಅಷ್ಟಕ್ಕೂ ನಿನಗೆ ಎಂತ ಆಗಿದೆ?" ಎಂದ ವೆಂಕಪ್ಪ.

"ಗರ್ಭಕೋಶ ಜಾರಿದೆ."

ಹೇಳಿಯೇ ಬಿಟ್ಟಳು. ಒಂದು ವರ್ಷ ನುಂಗಿಕೊಂಡಿದ್ದ ಮಾತು. ವೆಂಕಪ್ಪ ಎಲ್ಲಿ ನೋಡಬೇಕೆಂದು ತಿಳಿಯದೆ ಶೀಟ್ ಮೆಷಿನಿನ ಹಿಡಿಯನ್ನು ಒರೆಸತೊಡಗಿದ. ಮೂಲೆಯಲ್ಲಿ ಟ್ರೇ ತೊಳೆಯುತ್ತಿದ್ದ ಅತ್ತೆ ಸೇಸಮ್ಮ ಮಾತ್ರ ಸುಮ್ಮನಿರಲಿಲ್ಲ.

"ನಾಚಿಕೆ ಇಲ್ವಾ ಮಾರಾಯ್ತಿ, ಗಂಡಸರ ಎದುರು? ನಾಲ್ಕು ಹೆತ್ತ ಮೇಲೆ ನನ್ನದೂ ಇಳಿದಿದೆ. ಸೊಂಟಕ್ಕೆ ಹಳೆ ಸೀರೆ ಬಿಗಿದು ಮೂವತ್ತು ವರ್ಷ ಕೆಲಸ ಮಾಡ್ಲಿಲ್ವಾ ನಾನು? ನೀನು ಕಟ್ಟಿದ್ದನ್ನು ಬಿಚ್ಚಿದ್ದು ಎಂತಕ್ಕೆ?"

ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿಯುವುದು ಆ ಮನೆಯ ಪದ್ಧತಿ. ಒಳಗೆ ಏನೋ ಜಾರಿದಂತಾದಾಗಲೂ ಅದೇ ಮದ್ದು. ಹರಿಣಾಕ್ಷಿಯೂ ಕಟ್ಟಿದ್ದಳು. ಜಾರಿದಷ್ಟೂ ಬಿಗಿದಳು, ಬಿಗಿದಷ್ಟೂ ಜಾರಿತು. ಕೊನೆಗೆ ನಿಂತರೆ ತೊಡೆಯ ಸಂದಿಯಲ್ಲಿ ಚೆಂಡು ಸಿಕ್ಕಿಕೊಂಡ ಹಾಗೆ. ಕೆಮ್ಮಿದರೆ ಮೂತ್ರ. ಮದುವೆ ಮನೆಗಳಿಗೂ ಹೋಗುವುದನ್ನು ಬಿಟ್ಟಳು.

ಹತ್ತು ದಿನದ ಹಿಂದೆ, ವೇಣೂರಿನ ನೆಂಟರ ಮನೆಗೆ ಎಂದು ಸುಳ್ಳು ಹೇಳಿ, ಬಸ್ಸು ಹತ್ತಿ ಮೂಡುಬಿದಿರೆಗೆ ಹೋಗಿದ್ದಳು. ಲೇಡಿ ಡಾಕ್ಟರು ಪರೀಕ್ಷೆ ಮಾಡಿ, ಈಗಲೇ ಆಪರೇಷನ್ ಬೇಡ ಎಂದು, ವ್ಯಾಯಾಮ ಕಲಿಸುವ ಉಝ್ಮಾ ಎಂಬ ಹುಡುಗಿಯ ಹತ್ತಿರ ಕಳಿಸಿದರು. ಹುಡುಗಿ ಮೊದಲು ನೋಡಿದ್ದೇ ಸೊಂಟದ ಬಟ್ಟೆಯನ್ನು.

"ಅಕ್ಕ, ತಳದ ಹೊಲಿಗೆ ಸಡಿಲವಾದ ಗೋಣಿ ಉಂಟು, ಒಳಗೆ ಭತ್ತ. ನೀವು ಅದರ ನಡುವಿಗೆ ಹಗ್ಗ ಬಿಗಿದ್ರೆ ಭತ್ತ ಎಲ್ಲಿಗೆ ಹೋಗ್ತದೆ?"

"ಕೆಳಗೆ."

"ಮತ್ತೆ ಇದು ಎಂತಕ್ಕೆ?"

ಹರಿಣಾಕ್ಷಿ ಸೊಂಟದ ಗಂಟಿಗೆ ಕೈ ಹಾಕಿದಳು. ಅಲ್ಲಿಯೇ ಬಿಚ್ಚಿ ಚೀಲಕ್ಕೆ ತುರುಕಿದಳು.

"ತಳದ ಹೊಲಿಗೆ ಅಂದ್ರೆ ಅಲ್ಲಿಯ ಮಾಂಸಖಂಡ," ಎಂದಳು ಉಝ್ಮಾ. "ಅದನ್ನು ಗಟ್ಟಿ ಮಾಡುವ. ಮೂತ್ರ, ಗಾಳಿ ತಡೆಯುವಾಗ ಒಳಗೆ ಬಿಗಿ ಆಗ್ತದಲ್ಲ, ಹಾಗೆ ಬಿಗಿ ಮಾಡಿ ಮೇಲಕ್ಕೆ ಎಳೆಯಿರಿ. ಐದು ಎಣಿಸಿ, ಪೂರ್ತಿ ಸಡಿಲ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಹಿಡಿಯಬೇಡಿ. ಮೂತ್ರ ಮಾಡುವಾಗ ಮಾತ್ರ ಇದನ್ನು ಮಾಡ್ಬೇಡಿ."

ನಿಲ್ಲುವುದನ್ನೂ ಕೂರುವುದನ್ನೂ ಅವಳೇ ಹೊಸದಾಗಿ ಕಲಿಸಿದಳು. ಬೆನ್ನು ಗೂನು ಮಾಡಿದರೆ ಭಾರವೆಲ್ಲ ತಳಕ್ಕೆ, ಆದ್ದರಿಂದ ನೇರ. ಏನಾದರೂ ಎತ್ತುವಾಗ ಮಂಡಿ ಮಡಚಬೇಕು, ವಸ್ತು ಮೈಗೆ ಹತ್ತಿರವಿರಬೇಕು. ಮೊದಲು ತಳವನ್ನು ಬಿಗಿದು, ಉಸಿರು ಬಿಡುತ್ತಾ ಎತ್ತಬೇಕು. ಕೆಮ್ಮು ಬಂದರೂ ಮೊದಲು ಬಿಗಿಯಬೇಕು. ಪಾಯಿಖಾನೆಯಲ್ಲಿ ತಿಣುಕಬಾರದು. ಸಂಜೆ ಭಾರ ಅನ್ನಿಸಿದರೆ ಅಂಗಾತ ಮಲಗಿ ಕಾಲನ್ನು ಕುರ್ಚಿಯ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಇನ್ನು ತುಂಬಿದ ಬಕೆಟ್? ಇಲ್ಲವೇ ಇಲ್ಲ.

"ಎಷ್ಟು ದಿನಕ್ಕೆ ಗುಣ?"

"ದಿನ ಅಲ್ಲ ಅಕ್ಕ, ಮೂರು ನಾಲ್ಕು ತಿಂಗಳು. ಎಲ್ಲ ಮೊದಲಿನ ಹಾಗೆ ಆಗ್ತದೆ ಅಂತ ಸುಳ್ಳು ಹೇಳುವುದಿಲ್ಲ. ತುಂಬ ಜನಕ್ಕೆ ಭಾರ ಕಡಿಮೆ ಆಗ್ತದೆ. ಸಾಕಾಗದಿದ್ರೆ ಒಳಗೆ ಇಡುವ ರಿಂಗ್ ಉಂಟು, ಆಪರೇಷನ್ ಉಂಟು. ಮೊದಲು ಇದನ್ನು ಮಾಡುವ."

ಶೆಡ್ಡಿನ ಜಗಳದ ದಿನವೇ ಹರಿಣಾಕ್ಷಿ ಮೂಡುಬಿದಿರೆಯ ಸಂಗತಿಯನ್ನೂ ಮನೆಯಲ್ಲಿ ಹೇಳಿದಳು. ಮರುದಿನದಿಂದ ಅರ್ಧ ಬಕೆಟಿನಂತೆ ನಾಲ್ಕು ಸಲ ಗುಡ್ಡ ಹತ್ತತೊಡಗಿದಳು. ವೆಂಕಪ್ಪನ ಗೊಣಗಾಟ ನಿಲ್ಲಲಿಲ್ಲ. ಅವಳು ಅಡುಗೆಮನೆಯಲ್ಲಿ ಚಾಪೆ ಹಾಸಿ ವ್ಯಾಯಾಮಕ್ಕೆ ಮಲಗಿದರೆ ಸೇಸಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಉಸಿರು ಬಿಟ್ರೆ ಗರ್ಭಕೋಶ ಮೇಲೆ ಹಾರ್ತದಾ? ಅದು ಎಂತ ಗುಬ್ಬಿಯಾ?"

"ಹಾರದಿದ್ರೆ ಬೇಡ. ಬೀಳದಿದ್ರೆ ಸಾಕು ಅತ್ತೆ."

ಒಂದು ತಿಂಗಳು ಏನೂ ಬದಲಾಗಲಿಲ್ಲ. ಒಂದು ಸಂಜೆ ಚಾಪೆಯನ್ನು ಮೂಲೆಗೆ ಎಸೆದಳು. ಮರುದಿನ ಬೈದುಕೊಳ್ಳುತ್ತಲೇ ಎತ್ತಿ ಹಾಸಿದಳು. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಜೋರಾಗಿ ಸೀನಿದಳು. ಲಂಗ ಒದ್ದೆಯಾಗಲಿಲ್ಲ. ಮೂರನೆಯ ತಿಂಗಳಲ್ಲಿ ಸೋದರತ್ತೆಯ ಮಗಳ ಮದುವೆಗೆ ಹೋಗಿ, ಊಟದ ಸಾಲಿನಲ್ಲಿ ಅರ್ಧ ಗಂಟೆ ನಿಂತು ಬಂದಳು. ಚೆಂಡಿನ ನೆನಪೇ ಆಗಲಿಲ್ಲ. ಸೇಸಮ್ಮ ಅದನ್ನೆಲ್ಲ ನೋಡುತ್ತಿದ್ದರು. ಬಾಗಿಲಲ್ಲಿ ನಿಂತು ತಮಾಷೆ ಮಾಡುವುದು ನಿಂತಿತು, ನಿಲ್ಲುವುದು ನಿಲ್ಲಲಿಲ್ಲ.

ಹಾಲು ಜಾಸ್ತಿ ಇಳಿದ ಒಂದು ದಿನ ವೆಂಕಪ್ಪನೇ ಎರಡು ಬಕೆಟ್ ಅಂಚಿನವರೆಗೆ ತುಂಬಿಸಿಟ್ಟು, ಹೆಂಡತಿಯನ್ನು ಹುಡುಕಿಕೊಂಡು ಶೆಡ್ಡಿಗೆ ಬಂದ.

"ಈಗ ಗುಣ ಆಯ್ತಲ್ಲ. ಕೆಳಗೆ ಎರಡು ಬಕೆಟ್ ಉಂಟು, ತಾ."

"ಗುಣ ಆದದ್ದು ಎತ್ತದೆ ಇದ್ದದ್ದಕ್ಕೆ. ತರುವುದಿಲ್ಲ."

"ಹಾಗಾದ್ರೆ ಈ ಶೆಡ್ಡಿಗೆ ಬರುವುದೇ ಬೇಡ ನೀನು."

"ಆಯ್ತು."

ಹರಿಣಾಕ್ಷಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೊರಗೆ ನಡೆದಳು.

ಸೇಸಮ್ಮ ಟ್ರೇ ಕೆಳಗಿಟ್ಟು ಎದ್ದರು. ಗೋಡೆಯ ಕಡೆ ತಿರುಗಿ ಸೊಂಟದಿಂದ ಬಣ್ಣ ಹೋದ ಹಳೆ ಸೀರೆಯನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಅದನ್ನು ತಂದು ಮಗನ ಹೆಗಲಿಗೆ ಹಾಕಿದರು.

"ಇದನ್ನು ನೀನು ಕಟ್ಟಿಕೊಂಡು ಎತ್ತು ಮಗ. ನನ್ನ ಮೂವತ್ತು ವರ್ಷ ಇದರೊಳಗೆ ಹೋಯ್ತು." ಆಮೇಲೆ ಅಂಗಳಕ್ಕೆ ಕೂಗಿದರು: "ಹರಿಣಾ, ನಿಲ್ಲು. ಮೂಡುಬಿದಿರೆ ಬಸ್ಸು ಎಷ್ಟು ಗಂಟೆಗೆ?"

ಆ ದಿನ ವೆಂಕಪ್ಪ ಎರಡು ತುಂಬಿದ ಬಕೆಟ್ ಹಿಡಿದು ಗುಡ್ಡ ಹತ್ತುವಾಗ ಮೂರು ಕಡೆ ಕುಳಿತ. ಈಗ ಅವನೂ ಅರ್ಧರ್ಧ ಬಕೆಟ್ ತರುತ್ತಾನೆ. ಅವನನ್ನು ಯಾರೂ ರಾಣಿ ಎಂದು ಕರೆಯುವುದಿಲ್ಲ.

ಅಕ್ಕಂದಿರೇ, ಇದು ನಿಮ್ಮ ಪಾಪವೂ ಅಲ್ಲ, ನಾಚಿಕೆಯೂ ಅಲ್ಲ, ಹೆತ್ತು ದುಡಿದ ಮೈಯ ತೊಂದರೆ. ಬಟ್ಟೆ ಬಿಗಿದು ಮುಚ್ಚಿಡಬೇಡಿ. ಮೊದಲು ಡಾಕ್ಟರಿಗೆ ತೋರಿಸಿ. ರಕ್ತ ಹೋದರೆ, ಹುಣ್ಣಾದರೆ, ಮೂತ್ರ ಕಟ್ಟಿದರೆ ಅದೇ ದಿನ ಹೋಗಿ. ವ್ಯಾಯಾಮವನ್ನು ಸರಿಯಾಗಿ ಕಲಿತು ಬಿಡದೆ ಮಾಡಿ. ಇದನ್ನು ಗಂಡಸರಿಗೂ ಓದಿ ಹೇಳಿ, ಕಿವಿ ಅವರಿಗೂ ಉಂಟು. ಭಾರ ಎತ್ತು ಎಂದು ಯಾರಾದರೂ ಗದರಿದರೆ ಬಕೆಟನ್ನು ಅವರ ಕೈಗೆ ಕೊಡಿ.

ಹರಿಣಾಕ್ಷಿ ಆ ಶೆಡ್ಡಿಗೆ ಮತ್ತೆ ಕಾಲಿಡಲಿಲ್ಲ.